ಬಿಸಿಲು ಬೀಳದ ಮಂಚ

ಯಜಮಾನರ ಕಥೆ ಹೇಳಬೇಕಾದರೆ ಅವರ ಮೂಗಿನಿಂದಲೇ ಶುರು ಮಾಡಬೇಕು, ಯಾಕೆಂದರೆ ಅವರು ಎಲ್ಲಿಗೆ ಹೊರಟರೂ ಅದೇ ಮೊದಲು ಹೋಗಿ ಮುಟ್ಟುತ್ತಿತ್ತು. ಉದ್ದನೆಯ, ನೆಟ್ಟಗಿನ ಮೂಗು. ತುದಿಯಲ್ಲಿ ಸದಾ ಒಂದಿಷ್ಟು ಕೋಪ. ಕಾಫಿ ಬೀಜ ಅಕ್ಕಪಕ್ಕದ ವಾಸನೆಯನ್ನೆಲ್ಲ ಕುಡಿದುಬಿಡುತ್ತದೆ, ಅದಕ್ಕೆ ಮಾನ ಮರ್ಯಾದೆ ಅನ್ನುವುದೇ ಇಲ್ಲ ಎಂಬುದು ಅವರು ಜೀವನದಲ್ಲಿ ಕಲಿತ ಪಾಠ. ಹಾಗಾಗಿ ಬೀಜ ಒಣಗಿಸುವ ಕಾಲ ಬಂತೆಂದರೆ ಮನೆಯಲ್ಲಿ ಈರುಳ್ಳಿ ಹುರಿಯುವಂತಿಲ್ಲ, ಘಮಘಮಿಸುವ ಸೋಪು ಹಚ್ಚಿಕೊಳ್ಳುವಂತಿಲ್ಲ, ಬಾಗಿಲಿಗೆ ಬಣ್ಣ ಹೊಡೆಸುವಂತಿಲ್ಲ. ಅಳಿಯ ಇನ್ನೂ ಅಳಿಯ ಆಗುವುದಕ್ಕೆ ಮುಂಚೆ, ಮೊದಲ ಸಲ ಮನೆಗೆ ಬಂದಾಗ ಸೆಂಟು ಹಾಕಿಕೊಂಡು ಬಂದಿದ್ದ. ಆ ತಪ್ಪಿಗೆ ಅವನನ್ನು ಗೇಟಿನ ಹೊರಗೇ ಕುರ್ಚಿ ಹಾಕಿ ಕೂರಿಸಿ, ತಾವು ಜಗಲಿಯ ಮೇಲೆ ನಿಂತು ಕೂಗಿ ಕೂಗಿ ಮಾತಾಡಿಸಿದ್ದರು. ಕೆಲಸ ಏನು, ಕುಡಿಯುವ ಅಭ್ಯಾಸ ಉಂಟೋ, ಗೊರಕೆ ಹೊಡೆಯುತ್ತೀಯೋ ಎಂಬ ಪ್ರಶ್ನೆಗಳನ್ನೆಲ್ಲ ಬೀದಿಯವರೂ ಕೇಳಿಸಿಕೊಂಡರು, ಉತ್ತರಗಳನ್ನೂ ಕೇಳಿಸಿಕೊಂಡರು.

ಇಂಥ ಮೂಗಿನ ಪ್ರೀತಿಗೆ ಪಾತ್ರವಾಗಿದ್ದದ್ದು ಜಗತ್ತಿನಲ್ಲಿ ಒಂದೇ ಒಂದು ವಸ್ತು. ಅದು ಕಾಫಿ ಕಣದ ಹಿಂದೆ ಇದ್ದ ಸೌದೆ ಒಲೆ. ಕೆಳಗೆ ಉದ್ದನೆಯ ಒಲೆಬಾಯಿ, ಮೇಲೆ ಗಡಗಡ ತಿರುಗುವ ಕಬ್ಬಿಣದ ಡ್ರಮ್ಮು, ಡ್ರಮ್ಮಿನೊಳಗೆ ಬೀಜ. ಯಜಮಾನರು ಅದಕ್ಕೆ ದೊಡ್ಡಣ್ಣ ಎಂದು ಹೆಸರಿಟ್ಟಿದ್ದರು. ಪ್ರಾಯದಿಂದಲೂ ಅದರ ಬಾಯಿಗೆ ಮುಖ ಕೊಟ್ಟು ನಿಂತು, ತಮ್ಮ ಕೈಯಾರೆ ಸೌದೆ ತಿನ್ನಿಸಿ ಸಾಕಿದವರು. ದೊಡ್ಡಣ್ಣನ ಹೊಟ್ಟೆಗೋ ತಳವೇ ಇಲ್ಲ. ಮರದ ಮೇಲೆ ಮರ ನುಂಗಿ, ಸುತ್ತಮುತ್ತಲಿನ ಬಟ್ಟೆ, ಗೋಡೆ, ಬೆಕ್ಕು ಎಲ್ಲವನ್ನೂ ಕರ್ರಗೆ ಮಾಡಿ, ಬೀಜ ಒಣಗಿಸಿ ಕೊಡುತ್ತಿದ್ದ. ಕೊಳ್ಳುವವರು ಪ್ರತಿ ವರ್ಷ ಮುಖ ಸಿಂಡರಿಸಿಕೊಂಡು, ಬೇರೆಯವರ ಕಾಫಿಯ ಜೊತೆ ಬೆರೆಸಿ ಮಾರುತ್ತೇವೆ ಎಂದು ಹೇಳಿ ಒಯ್ಯುತ್ತಿದ್ದರು. ವ್ಯವಹಾರವನ್ನೆಲ್ಲ ಕೈಗೆ ತೆಗೆದುಕೊಂಡ ಮಗಳು ಒಮ್ಮೆ, "ಅಪ್ಪಾ, ನಮ್ಮ ಕಾಫಿ ಹೊಗೆ ವಾಸನೆ ಹೊಡೆಯುತ್ತೆ," ಅಂದಿದ್ದಕ್ಕೆ, ನನ್ನ ಮೂಗಿಗೆ ಬರದ ಹೊಗೆ ನಿನ್ನ ಮೂಗಿಗೆ ಎಲ್ಲಿಂದ ಬಂತು ಎಂದು ಗದರಿಸಿ ಬಾಯಿ ಮುಚ್ಚಿಸಿದ್ದರು.

ಆದರೆ ಮಗಳು ಯಾರ ಮಗಳು? ಬಾಯಿ ಮುಚ್ಚಿಕೊಂಡೇ ಗಂಡನಿಗೆ ಹೇಳಿ ಕಣದಲ್ಲಿ ಒಂದು ಬಿಸಿಲುಮನೆ ಕಟ್ಟಿಸಿದಳು. ಬಿದಿರಿನ ಕಮಾನು, ಅದರ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆ, ಎರಡೂ ತುದಿಯಲ್ಲಿ ಗಾಳಿ ಆಡಲು ಕಿಂಡಿ. ಒಳಗೆ ಸಾಲಾಗಿ ಸೊಂಟದೆತ್ತರದ ಮಂಚಗಳು, ಮಂಚಕ್ಕೆ ಹಲಗೆಯ ಬದಲು ಬಿಗಿದು ಕಟ್ಟಿದ ಬಲೆ. ಬಲೆಯ ಮೇಲೆ ಬೀಜ ಹರಡಿದರೆ ಕೆಳಗಿಂದ ಗಾಳಿ, ಮೇಲಿಂದ ಬಿಸಿಲು. ಸೌದೆ ಬೇಡ, ಹೊಗೆ ಇಲ್ಲ. ಹಣ್ಣಿನ ಸಿಪ್ಪೆ ಗೊಬ್ಬರದ ಗುಂಡಿಗೆ ಹೋಗುತ್ತಿತ್ತು, ಬೀಜ ತೊಳೆದ ಅಷ್ಟಿಷ್ಟು ನೀರು ಇಂಗುಗುಂಡಿಗೆ. ಅಳಿಯ ಅದನ್ನು ಕಟ್ಟುವ ಮುಂಚೆ ದಿನವಿಡೀ ಕಣದಲ್ಲಿ ಕೋಲು ನೆಟ್ಟು, ಬಿಸಿಲು ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡುತ್ತ, ಕೋಲಿನ ನೆರಳಿನ ಹಿಂದೆ ಕೋಳಿಮರಿಯ ಹಾಗೆ ತಿರುಗುತ್ತಿದ್ದ. ಯಜಮಾನರು ಅದನ್ನು ಡೇರೆ ಎಂದೇ ಕರೆದರು. ಸರ್ಕಸ್ಸಿನವರು ಬಂದಿದ್ದಾರೆ, ಆನೆ ಯಾವಾಗ ಬರುತ್ತದೆ ಎಂದು ಆಳುಗಳ ಎದುರಿಗೇ ಕೇಳಿದರು.

ಮಗಳು ಒಂದು ತೀರ್ಮಾನ ಕೊಟ್ಟಳು. ಈ ಸಲದ ಬೀಜ ಡೇರೆಯಲ್ಲಿ ಒಣಗಲಿ. ಕೊಳ್ಳುವ ಕಂಪನಿಯಿಂದ ರುಚಿ ನೋಡುವವರು ಬರುತ್ತಾರೆ. ಅವರು ಹೂಂ ಅಂದರೆ ದೊಡ್ಡಣ್ಣ ಗುಜರಿಗೆ. ಊಹೂಂ ಅಂದರೆ ಡೇರೆ ಬಿಚ್ಚಿ ಹಾಕುವುದು, ಮತ್ತೆ ಸೌದೆ ಒಲೆಯೇ ಗತಿ. ಆಮೇಲೆ ಯಾರೂ ಕಮಕ್ ಕಿಮಕ್ ಅನ್ನಬಾರದು. ಯಜಮಾನರು ಎದ್ದು ನಿಂತು, ಒಪ್ಪಿಕೊಂಡೆ, ಆದರೆ ಆ ಡೇರೆಯ ಒಳಗೆ ನನ್ನ ಹೆಣವೂ ಕಾಲಿಡುವುದಿಲ್ಲ ಎಂದು ಎಲ್ಲರ ಮುಂದೆ ಶಪಥ ಮಾಡಿದರು. ಹೆಣ ಹೇಗೆ ಕಾಲಿಡುತ್ತದೆ ಎಂದು ಹೆಂಡತಿ ಕೇಳಿದ್ದು ಅವರ ಕಿವಿಗೆ ಬೀಳಲಿಲ್ಲ, ಅಥವಾ ಬಿದ್ದರೂ ಬಿದ್ದಿಲ್ಲ ಅಂದುಕೊಂಡರು.

ಹೆಣ ಹೋಗಲಿಲ್ಲ ನಿಜ. ಜೀವಂತ ಮನುಷ್ಯ ಒಂದು ವಾರದೊಳಗೆ ಹೋದರು.

ಹೋದದ್ದು ತಪ್ಪು ಹುಡುಕುವುದಕ್ಕೆ, ಅದನ್ನು ಒಪ್ಪಲೇಬೇಕು. ಮಧ್ಯಾಹ್ನ ಆಳುಗಳು ಊಟಕ್ಕೆ ಹೋಗಿದ್ದರು, ಅಳಿಯ ಪೇಟೆಗೆ ಹೋಗಿದ್ದ. ಯಜಮಾನರು ಕಳ್ಳಬೆಕ್ಕಿನ ಹೆಜ್ಜೆ ಹಾಕುತ್ತ ಹಿಂಬಾಗಿಲಿನಿಂದ ನುಸುಳಿದರು. ಒಳಗೆ ಕಾಲಿಟ್ಟ ಕೂಡಲೇ ಮೈತುಂಬ ಒಂದು ಹದವಾದ ಬಿಸುಪು ಬಂದು ಅಪ್ಪಿಕೊಂಡಿತು. ಮೃದುವಾದ, ಹೊಗೆ ಇಲ್ಲದ, ಕಣ್ಣುರಿಯದ ಬಿಸುಪು. ಯಜಮಾನರ ಬಲ ಮಂಡಿ ವರ್ಷಗಳಿಂದ ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು. ಅದು ಆ ಕ್ಷಣವೇ ತೆಪ್ಪಗಾಯಿತು. ಕೊನೆಯಲ್ಲಿ ಒಂದು ಮಂಚ ಇನ್ನೂ ಬೀಜ ಹರಡದೆ ಖಾಲಿ ಇತ್ತು. ಬಲೆ ಎಷ್ಟು ಗಟ್ಟಿ ಇದೆ ಪರೀಕ್ಷೆ ಮಾಡೋಣ, ಹರಿದರೆ ಅಳಿಯನಿಗೆ ತೋರಿಸಬಹುದು ಎಂದು ಅದರ ಮೇಲೆ ಕೂತರು. ಬಲೆ ಹರಿಯಲಿಲ್ಲ. ಪೂರ್ತಿ ಭಾರ ಹಾಕಿ ನೋಡಬೇಕು ಎಂದು ಮಲಗಿದರು. ಆಗಲೂ ಹರಿಯಲಿಲ್ಲ. ಎದ್ದದ್ದು ಆಳುಗಳ ಸದ್ದು ಕೇಳಿದಾಗ.

ಅವತ್ತಿನಿಂದ ಅವರಿಗೆ ಆ ನಿದ್ದೆಯ ಹುಚ್ಚು ಹಿಡಿಯಿತು. ಊಟ ಆದ ಮೇಲೆ ಹೆಗಲ ಮೇಲೆ ಕೊಡಲಿ ಇಟ್ಟುಕೊಂಡು, ದೊಡ್ಡಣ್ಣನಿಗೆ ಸೌದೆ ಸೀಳಿ ಇಡುತ್ತೇನೆ, ಡೇರೆ ಬಿದ್ದುಹೋದ ಮೇಲೆ ನೀವೇ ನನ್ನ ಕಾಲಿಗೆ ಬೀಳುತ್ತೀರಿ ಎಂದು ಗೊಣಗುತ್ತ ಹೊರಡುವುದು. ಕೊಡಲಿಯನ್ನು ಸೌದೆ ರಾಶಿಗೆ ಒರಗಿಸಿ ಹಿಂದಿನಿಂದ ಡೇರೆಗೆ ನುಸುಳುವುದು. ಜೇಬಿನಲ್ಲಿ ನೋವಿನ ಮುಲಾಮಿನ ಡಬ್ಬಿ. ಬಲ ಮಂಡಿಗೆ ಧಾರಾಳವಾಗಿ ತಿಕ್ಕಿ, ಖಾಲಿ ಮಂಚದ ಮೇಲೆ ಮಲಗಿ, ಬಲಗಾಲನ್ನು ಮಾತ್ರ ಪಕ್ಕದ ಮಂಚಕ್ಕೆ ಚಾಚುವುದು. ಅಲ್ಲಿ ಬಿಸಿಲಿಗೆ ಬೆಚ್ಚಗಾದ ಕಾಫಿ ಬೀಜ. ಮಂಡಿಯ ಮೇಲೆ ಆ ಬೀಜವನ್ನು ಬೊಗಸೆ ಬೊಗಸೆ ಸುರಿದುಕೊಂಡು ಹೂತುಬಿಟ್ಟರೆ, ಆಹಾ, ಯಾವ ವೈದ್ಯ ಕೊಡುತ್ತಾನೆ ಆ ಸುಖ! ಎದ್ದ ಮೇಲೆ ಬೀಜವನ್ನು ಗೋರುಮಣೆಯಿಂದ ಎಳೆದು ಸಮ ಮಾಡಿ, ಏನೂ ಆಗದವರ ಹಾಗೆ ಹೊರಬರುತ್ತಿದ್ದರು. ಆ ಮಂಚದ ಬೀಜ ಎಲ್ಲಕ್ಕಿಂತ ನೀಟಾಗಿ ಹರಡಿದೆ ಎಂದು ಅಳಿಯ ಆಳುಗಳನ್ನು ಹೊಗಳುತ್ತಿದ್ದ, ಆಳುಗಳು ಹಲ್ಲು ಕಿರಿದು ಹೊಗಳಿಕೆ ತಗೊಳ್ಳುತ್ತಿದ್ದರು.

ಈರುಳ್ಳಿಯನ್ನೇ ಕಣದ ಹತ್ತಿರ ಬಿಡದ ಮನುಷ್ಯ ಮುಲಾಮು ಹಚ್ಚಿದ ಮಂಡಿಯನ್ನು ಬೀಜದಲ್ಲೇ ಹೂಳುತ್ತಾರಲ್ಲ, ಬುದ್ಧಿ ಎಲ್ಲಿಗೆ ಹೋಗಿತ್ತು ಎಂದು ನೀವು ಕೇಳಬಹುದು. ಕೇಳಲೇಬೇಕು. ಆ ಮುಲಾಮಿಗೆ ಅಂಥ ವಾಸನೆಯೇ ಇಲ್ಲ ಎಂದು ಯಜಮಾನರು ಮನಃಪೂರ್ವಕವಾಗಿ ನಂಬಿದ್ದರು. ತಮ್ಮ ಮೂಗಿಗೆ ಬರುತ್ತಿರಲಿಲ್ಲವಲ್ಲ!

ಒಂದು ಸಂಗತಿ ಮಾತ್ರ ಅವರಿಗೆ ಅಳಿಯನ ಮೇಲೆ ಕನಿಕರ ಹುಟ್ಟಿಸಿತ್ತು. ಆ ಕೊನೆಯ ಮಂಚವನ್ನು ಯಾಕೆ ಖಾಲಿ ಬಿಟ್ಟಿದ್ದೀರಿ ಎಂದು ಯಾರೋ ಕೇಳಿದಾಗ, "ಆ ಮೂಲೆಗೆ ಬಿಸಿಲು ಬೀಳೋದಿಲ್ಲ," ಎಂದು ಅಳಿಯ ಹೇಳಿದ್ದನ್ನು ಅವರು ಕೇಳಿಸಿಕೊಂಡಿದ್ದರು. ಬೀಳದೆ ಏನು, ಇಡೀ ಡೇರೆಯಲ್ಲಿ ಸೂರ್ಯ ಬಂದು ಕಾಲು ನೀಡಿ ಕೂರುವ ಜಾಗ ಅದೊಂದೇ. ಅಷ್ಟು ದಿನ ಕೋಲು ನೆಟ್ಟು ಕುಣಿದವನಿಗೆ ಇದು ತಿಳಿಯಲಿಲ್ಲವಲ್ಲ, ಪಾಪ, ಓದು ಬೇರೆ ಬುದ್ಧಿ ಬೇರೆ ಎಂದು ಅವರು ಆ ಮಂಚದ ಮೇಲೇ ಮಲಗಿ ಮರುಗಿದರು.

ಸಂಜೆ ಕಾಫಿಗೆ ಎಲ್ಲರೂ ಮೇಜಿನ ಸುತ್ತ ಕೂರುವಾಗ ಯಜಮಾನರು ತಪ್ಪದೆ ಡೇರೆಯನ್ನು ಬಯ್ಯುತ್ತಿದ್ದರು. ಒಂದು ದಿನ ಹಾಗೆ ಬಯ್ಯುತ್ತಿರುವಾಗ ಹೆಂಡತಿ ಅವರ ಮುಖವನ್ನೇ ನೋಡಿದರು.

"ಏನ್ರೀ ಅದು ಕೆನ್ನೆ ಮೇಲೆ, ಚೌಕ ಚೌಕ?"

"ವಯಸ್ಸಾಯ್ತಲ್ಲೇ. ಸುಕ್ಕು."

"ಸುಕ್ಕು ಚೌಕವಾಗಿ ಬರುತ್ತಾ?"

ಬರುತ್ತೆ ಎಂದು ಯಜಮಾನರು ಖಡಾಖಂಡಿತವಾಗಿ ಹೇಳಿದರು, ಅವರಪ್ಪನಿಗೂ ಹಾಗೇ ಬಂದಿತ್ತಂತೆ. ಅಳಿಯ ಲೋಟದೊಳಗೆ ಏನೋ ಬಿದ್ದಿದೆಯೇನೋ ಎಂಬಂತೆ ತಲೆ ತಗ್ಗಿಸಿ ಕಾಫಿಯನ್ನೇ ನೋಡುತ್ತ ಕೂತಿದ್ದ, ಅವನ ಭುಜ ಮಾತ್ರ ಸ್ವಲ್ಪ ಕುಲುಕುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಮ್ಮ ಯಜಮಾನರು ಅವತ್ತು ಮಲಗುವ ತನಕ ಕೆನ್ನೆ ಉಜ್ಜಿಕೊಳ್ಳುತ್ತಲೇ ಇದ್ದರು. ಮರುದಿನದಿಂದ ಟವೆಲು ಹಾಸಿ ಮಲಗಿದರು.

ಹೀಗೆ ಬೀಜ ಒಣಗಿತು. ಜೊತೆಗೆ ಯಜಮಾನರ ಎದೆಯಲ್ಲಿ ಬಿಸಿ ತುಪ್ಪದ ಕಷ್ಟ ಶುರುವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ರುಚಿ ನೋಡುವವರು ಡೇರೆ ಸರಿಯಿಲ್ಲ ಅಂದರೆ ಮಾತು ಗೆದ್ದಿತು, ಮಂಚ ಹೋಯಿತು. ಸರಿಯಿದೆ ಅಂದರೆ ಮಂಚ ಉಳಿಯಿತು, ಮರ್ಯಾದೆ ಹೋಯಿತು. ಮನುಷ್ಯ ಮರ್ಯಾದೆಗೆ ಬದುಕಬೇಕೋ ಮಂಡಿಗೆ ಬದುಕಬೇಕೋ ಎಂದು ಅವರು ಆ ಮಂಚದ ಮೇಲೆ ಮಲಗಿಯೇ ಯೋಚಿಸಿದರು, ಪ್ರತಿ ಸಲವೂ ಉತ್ತರ ಬರುವ ಮುಂಚೆ ನಿದ್ದೆ ಬಂತು.

ಕೊನೆಗೂ ಆ ದಿನ ಬಂತು. ಕಂಪನಿಯಿಂದ ಬಂದವರು ಒಬ್ಬ ಕುಳ್ಳಗಿನ ಹೆಂಗಸು. ಕುತ್ತಿಗೆಗೆ ದಾರ ಕಟ್ಟಿ ಒಂದು ದೊಡ್ಡ ಚಮಚ ನೇತುಹಾಕಿಕೊಂಡಿದ್ದರು. ಸುತ್ತಿನವರೆಲ್ಲ ಅವರನ್ನು ರುಚಿ ಮೇಡಂ ಎಂದು ಕರೆಯುತ್ತಿದ್ದರು. ಅವರು ಡೇರೆಗೆ ಹೋಗಿ ಒಂದೊಂದು ಮಂಚದಿಂದ ಒಂದೊಂದು ಹಿಡಿ ಬೀಜ ತಂದು, ಸಿಪ್ಪೆ ಬಿಡಿಸಿ, ಸಣ್ಣ ಯಂತ್ರದಲ್ಲಿ ಹುರಿದು, ಪುಡಿ ಮಾಡಿ, ಊಟದ ಮೇಜಿನ ಮೇಲೆ ಮಂಚದ ಸಾಲಿನಂತೆಯೇ ಬಟ್ಟಲು ಜೋಡಿಸಿ ಬಿಸಿನೀರು ಹಾಕಿದರು. ಆಮೇಲೆ ಚಮಚದಲ್ಲಿ ಎತ್ತಿ ಸೊರ್ರ್ ಎಂದು ಎಳೆದರು ನೋಡಿ, ಹೊರಗೆ ಮಲಗಿದ್ದ ನಾಯಿ ಎದ್ದು ಬೊಗಳಿತು. ಹೀಗೆ ಸದ್ದು ಮಾಡಿ ಕುಡಿಯುವವರನ್ನು ಯಜಮಾನರು ತಮ್ಮ ಮೇಜಿನಿಂದ ಎಬ್ಬಿಸಿ ಕಳಿಸಿದ್ದುಂಟು. ಅವತ್ತು ಹಲ್ಲು ಕಚ್ಚಿ ಕೂತರು.

ಮೊದಲ ಬಟ್ಟಲಿಗೆ ಮೇಡಂ ತಲೆಯಾಡಿಸಿದರು. ಎರಡನೆಯದಕ್ಕೆ, ಒಳ್ಳೆಯ ಸಿಹಿ ಇದೆ, ಕೊಳೆ ಇಲ್ಲ, ಹೊಗೆ ಇಲ್ಲ, ಒಣಗಿಸಿದವರಿಗೆ ತಾಳ್ಮೆ ಇದೆ ಎಂದರು. ಮಗಳ ಮುಖ ಅರಳಿತು. ಹೀಗೆ ಸೊರ್ರ್ ಸೊರ್ರ್ ಎಂದು ಸಾಲು ಮುಗಿಸುತ್ತ ಕೊನೆಯ ಬಟ್ಟಲಿಗೆ ಬಂದರು. ಎಳೆದರು, ನಿಂತರು. ಮತ್ತೊಮ್ಮೆ ಎಳೆದು ಕಿಟಕಿಯ ಹತ್ತಿರ ಹೋಗಿ ಆಕಾಶ ನೋಡಿದರು. ಬಟ್ಟಲಿನ ಮೇಲೆ ಮೂಗಿಟ್ಟು ಕಣ್ಣು ಮುಚ್ಚಿದರು.

"ಇದರಲ್ಲಿ ಯಾರದೋ ನೋವಿದೆ," ಎಂದರು.

ಎಲ್ಲರೂ ಬಂದು ಮೂಸಿ ನೋಡಿದರು. ಮಗಳು ಮೂಗು ಮುಚ್ಚಿಕೊಂಡಳು. ಔಷಧಿ ಅಂಗಡಿಯ ವಾಸನೆ, ಮೂಗಿನಿಂದ ನೆತ್ತಿಗೇ ಹತ್ತುತ್ತದೆ ಎಂದಳು. ಮೇಡಂ ಬೇಸರದಿಂದ ವಿವರಿಸಿದರು. ಬಿಸಿಲಿಗೆ ಕಾದ ಕೆಲವು ಪ್ಲಾಸ್ಟಿಕ್ಕು ಹೀಗೆ ಔಷಧಿಯಂಥ ವಾಸನೆ ಬಿಡುವುದುಂಟು. ಇವತ್ತು ಒಂದು ಮಂಚ, ನಾಳೆ ಎಲ್ಲ ಮಂಚ. ವಾಸನೆ ಎಲ್ಲಿಂದ ಬಂತು ಎಂದು ಖಾತ್ರಿಯಾಗಿ ಗೊತ್ತಾದರೆ ಆ ಒಂದನ್ನು ಬಿಟ್ಟು ಉಳಿದದ್ದನ್ನು ತಗೊಳ್ಳಬಹುದು. ಗೊತ್ತಾಗದಿದ್ದರೆ ಡೇರೆಯ ಬೀಜ ಒಂದು ಕಾಳೂ ಬೇಡ.

ಎಲ್ಲರೂ ಅಳಿಯನ ಕಡೆ ನೋಡಿದರು. ಅವನು ಆ ಬಟ್ಟಲನ್ನು ಮೂಸಿದ. ಒಂದು ಕ್ಷಣ, ಬರೀ ಒಂದು ಕ್ಷಣ, ಅವನ ಕಣ್ಣು ಮಾವನ ಕಡೆ ಹೊರಳಿ ಮತ್ತೆ ನೆಲಕ್ಕೆ ಬಿತ್ತು.

"ಪ್ಲಾಸ್ಟಿಕ್ಕೇ ಇರಬೇಕು ಮೇಡಂ," ಎಂದ. "ನಾನೇ ಆರಿಸಿ ತಂದಿದ್ದು. ತಪ್ಪು ನಂದು."

ಮಗಳು, ಹಾಗಾದರೆ ನಾಳೆ ಡೇರೆ ಬಿಚ್ಚಿಸುತ್ತೇನೆ, ಆಡಿದ ಮಾತು ಆಡಿದ ಮಾತೇ ಎಂದಳು. ಯಜಮಾನರ ಹೆಂಡತಿ ಗಂಡನ ಕಡೆ ತಿರುಗಿ ಸಣ್ಣಗೆ ಕೆಮ್ಮಿದರು. ಅವರಿಗೆ ಕೆಮ್ಮು ಇರಲಿಲ್ಲ.

ಯಜಮಾನರು ಗೆದ್ದಿದ್ದರು. ಎದ್ದು ನಿಂತು, ನಾನು ಅವತ್ತೇ ಹೇಳಲಿಲ್ಲವೇ ಎಂದು ಮೀಸೆ ತಿರುವಬೇಕಾದ ಹೊತ್ತು. ಎದ್ದು ನಿಂತರು ಕೂಡ. ನಿಂತು, ಗೆದ್ದ ವಾಸನೆ ಹೇಗಿದೆ ನೋಡೋಣ ಎಂದು ಕೊನೆಯ ಬಟ್ಟಲನ್ನು ಕೈಗೆತ್ತಿಕೊಂಡು ಮೂಗಿಗೆ ಹಿಡಿದರು. ಏನೂ ಇಲ್ಲ. ಇನ್ನೊಂದು ಬಟ್ಟಲು ಹಿಡಿದರು. ಅಲ್ಲೂ ಏನೂ ಇಲ್ಲ, ಬರೀ ಬಿಸಿ. ಜೇಬಿನಿಂದ ಡಬ್ಬಿ ತೆಗೆದು ಮರೆಯಲ್ಲಿ ಮೂಸಿದರು. ಮೇಣದ ಹಾಗಿತ್ತು. ಆಗ ಅವರಿಗೆ ಹೊಳೆಯಿತು. ಅಷ್ಟು ವರ್ಷ ದೊಡ್ಡಣ್ಣನ ಬಾಯಿಗೆ ಮುಖ ಕೊಟ್ಟು ನಿಂತದ್ದಕ್ಕೆ ಅವನು ಸೌದೆಯ ಜೊತೆ ಮೂಗನ್ನೂ ನುಂಗಿ ನೀರು ಕುಡಿದಿದ್ದ.

ಒಂದು ಗೊತ್ತಾದರೆ ಹತ್ತು ಗೊತ್ತಾಗುತ್ತದೆ. ಇವರೆಲ್ಲರ ಮೂಗು ನೆಟ್ಟಗಿದೆ ಅಂದರೆ, ದಿನಾ ಸಂಜೆ ಕಾಫಿಗೆ ಕೂತಾಗ ತನ್ನ ಮಂಡಿಯ ಮುಲಾಮು ಇವರಿಗೆಲ್ಲ ಬಡಿಯುತ್ತಿತ್ತು. ಅಳಿಯನಿಗೂ ಬಡಿಯುತ್ತಿತ್ತು. ಅವನಿಗೆ ಗೊತ್ತಿತ್ತು. ಬಿಸಿಲಿನ ಹಿಂದೆ ಅಷ್ಟು ದಿನ ತಿರುಗಿದವನು ಆ ಮೂಲೆಗೆ ಬಿಸಿಲು ಬೀಳೋದಿಲ್ಲ ಅಂದದ್ದು ದಡ್ಡತನದಿಂದಲ್ಲ. ಮಾವ ಮಲಗುತ್ತಾರೆ ಎಂದು ಗೊತ್ತಾದ ಮೇಲೆ ಒಳ್ಳೆಯ ಮಂಚವನ್ನೇ ಖಾಲಿ ಬಿಟ್ಟಿದ್ದ. ಈಗ ಮಾವನ ಮುಖ ಉಳಿಯಲಿ ಎಂದು ಇಡೀ ಡೇರೆಯನ್ನೇ ಬಿಟ್ಟುಕೊಡುತ್ತಿದ್ದಾನೆ. ಅಂಥವನನ್ನು ಗೇಟಿನ ಹೊರಗೆ ಕೂರಿಸಿದ್ದೆನಲ್ಲ ಎಂದು ಯಜಮಾನರಿಗೆ ನಾಚಿಕೆಯಾಯಿತು.

ಅವರು ಮೇಡಂ ಎದುರಿನ ಕುರ್ಚಿಯಲ್ಲಿ ಕೂತು, ಪೈಜಾಮದ ಬಲಗಾಲನ್ನು ಮಂಡಿಯ ಮೇಲಕ್ಕೆ ಸರಸರ ಎಳೆದರು.

"ಪ್ಲಾಸ್ಟಿಕ್ ಅಲ್ಲ ಮೇಡಂ. ನನ್ನ ಮಂಡಿ. ಮೂಸಿ ನೋಡಿ."

ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ರುಚಿ ಮೇಡಂ ಮಾತ್ರ ಒಂದಿಷ್ಟೂ ಅಳುಕಲಿಲ್ಲ. ಅವರ ಕಸುಬಿನ ನಿಷ್ಠೆ ಎಂಥದ್ದೆಂದರೆ, ಕನ್ನಡಕ ಸರಿ ಮಾಡಿಕೊಂಡು ಬಗ್ಗಿ ಮಂಡಿಗೆ ಮೂಗಿಟ್ಟರು. ಎದ್ದು ಬಟ್ಟಲಿನಿಂದ ಒಂದು ಚಮಚ ಸೊರ್ರ್ ಎಂದು ಎಳೆದರು. ಮತ್ತೆ ಬಗ್ಗಿದರು. ಆಮೇಲೆ ಎಡಗಾಲನ್ನೂ ತೋರಿಸಿ, ಹೋಲಿಸಿ ನೋಡಬೇಕು ಎಂದರು. ಯಜಮಾನರು ಎಡಗಾಲನ್ನೂ ಎತ್ತಿದರು. ಅದನ್ನೂ ಮೂಸಿ, ಸ್ವಲ್ಪ ಯೋಚಿಸಿ ತೀರ್ಪು ಕೊಟ್ಟರು.

"ಎಡಗಡೆ ಸ್ವಚ್ಛ ಇದೆ. ಬಟ್ಟಲಿನಲ್ಲಿರೋದು ಬಲ ಮಂಡಿ. ಖಾತ್ರಿ."

ಆ ಒಂದು ಮಂಚ ಬಿಟ್ಟು ಉಳಿದದ್ದೆಲ್ಲ ಕಂಪನಿಗೆ ಎಂದು ಮಾತಾಯಿತು. ಮಗಳು ನಗು ತಡೆಯಲಾರದೆ ಒಳಗೆ ಓಡಿದಳು. ಯಜಮಾನರು ಎರಡೂ ಮಂಡಿ ಬಿಟ್ಟುಕೊಂಡೇ ಅಳಿಯನ ಕಡೆ ತಿರುಗಿ, ತನಗೆ ವಾಸನೆಯೇ ಬರುವುದಿಲ್ಲ, ಬಂದಿದ್ದರೆ ಹಾಗೆ ಮಾಡುತ್ತಿರಲಿಲ್ಲ ಎಂದು ಮೆಲ್ಲಗೆ ಹೇಳಿದರು. ಅಳಿಯ ಬಗ್ಗಿ ಅವರ ಪೈಜಾಮ ಕೆಳಗಿಳಿಸಿ ಸರಿ ಮಾಡಿದ. ನಿಮ್ಮ ಮೂಗು ಸತ್ತು ಎಷ್ಟೋ ಕಾಲವಾಯಿತು, ನಾನು ಅಡುಗೆಮನೆಯ ಕಿಟಕಿ ಮುಚ್ಚಿಕೊಂಡು ದಿನಾ ಈರುಳ್ಳಿ ಹುರಿಯುತ್ತಲೇ ಇದ್ದೇನೆ ಎಂದು ಹೆಂಡತಿ ಹೇಳಿದಾಗ ಮಾತ್ರ ಯಜಮಾನರಿಗೆ ನಿಜವಾಗಿಯೂ ಸಿಟ್ಟು ಬಂತು. ಆದರೆ ಯಾವ ಮುಖ ಇಟ್ಟುಕೊಂಡು ಸಿಟ್ಟು ಮಾಡುವುದು?

ದೊಡ್ಡಣ್ಣನ ಡ್ರಮ್ಮು ಗುಜರಿಗೆ ಹೋಯಿತು. ಒಲೆಬಾಯಿಯಲ್ಲಿ ಕೋಳಿಗಳು ಮೊಟ್ಟೆ ಇಡತೊಡಗಿದವು. ಬಲ ಮಂಡಿಯ ಕಾಫಿಯನ್ನು ಎಸೆಯಲು ಮನಸ್ಸು ಬಾರದೆ ಮನೆಯವರೇ ವರ್ಷವಿಡೀ ಕುಡಿದರು, ನೆಗಡಿ ಆದ ನೆರೆಹೊರೆಯವರೂ ಲೋಟ ಹಿಡಿದು ಬಂದರು. ಯಜಮಾನರು ಮಾತ್ರ ಇಂಥ ಕಾಫಿ ಎಲ್ಲೂ ಸಿಗುವುದಿಲ್ಲ ಎಂದು ಚಪ್ಪರಿಸಿದರು. ಮುಲಾಮು ಬಿಟ್ಟರು. ಬಿಸಿಲೇ ಸಾಕಾಯಿತು. ಆದರೂ ಊಟವಾದ ಮೇಲೆ ಡೇರೆಗೆ ಹೊರಡುವಾಗ ಬಾಗಿಲಲ್ಲಿ ನಿಲ್ಲಬೇಕು, ಹೆಂಡತಿ ಬಗ್ಗಿ ಮಂಡಿ ಮೂಸಿ ಹೂಂ ಅಂದ ಮೇಲೆಯೇ ಹೊಸಲು ದಾಟಬೇಕು. ಮನೆಯ ಮೂಗು ಈಗ ಹೆಂಡತಿಯದ್ದೇ.

ಮುಂದಿನ ಕೊಯ್ಲಿಗೆ ಬೆಳೆ ಚೆನ್ನಾಗಿ ಬಂತು. ಬೀಜ ಹರಡಲು ಜಾಗ ಸಾಲದೆ ಮಗಳು ನಡು ಮಧ್ಯಾಹ್ನ ಡೇರೆಯೊಳಗೆ ಬಂದು, ಕೊನೆಯ ಮಂಚದ ಮುಂದೆ ನಿಂತು, ಇದನ್ನು ಯಾಕೆ ಇನ್ನೂ ಖಾಲಿ ಬಿಟ್ಟಿದ್ದೀರಿ ಎಂದು ಕೇಳಿದಳು. ಅಲ್ಲಿ ಬಿಸಿಲು ಎಷ್ಟು ಪ್ರಖರವಾಗಿತ್ತೆಂದರೆ ಅವಳು ಕಣ್ಣಿಗೆ ಕೈ ಅಡ್ಡ ಹಿಡಿದೇ ಕೇಳಬೇಕಾಯಿತು. ಅಳಿಯ ಬಾಯಿ ತೆರೆಯುವ ಮುಂಚೆ, ಟವೆಲು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ ಯಜಮಾನರು, ಹಣೆಯ ಬೆವರು ಒರೆಸಿಕೊಳ್ಳುತ್ತ, ಜೀವನದಲ್ಲಿ ಮೊದಲ ಸಲ ಅಳಿಯನ ಪರವಾಗಿ ಮಾತಾಡಿದರು.

"ಅಲ್ಲಿ ಬಿಸಿಲು ಬೀಳೋದಿಲ್ಲ ಕಣಮ್ಮ. ಅಳಿಯಂದ್ರು ಆಗಲೇ ಹೇಳಿದ್ರು."